ಸುತ್ತ ಒಂದು ಕಿಲೋಮೀಟರ್ ಬಿಟ್ಟು

ನವೆಂಬರ್ 3, ಸೋಮವಾರ

ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ನಾಲ್ಕು ಕಿಲೋಮೀಟರ್ ಹೋದರೆ ಸ್ವಿಟ್ಜರ್ಲೆಂಡ್ ಸಿಗುತ್ತದೆ. ಇವತ್ತು ನೋಡಿಕೊಂಡು ಬಂದೆ. ಹದಿನೆಂಟು ಎಕರೆ ಎರೆಭೂಮಿ, ಒಂದೇ ಒಂದು ಬೇವಿನ ಗಿಡ, ಸುಣ್ಣ ಬಳಿದ ಗಡಿಕಲ್ಲು, ಪ್ಲಾಸ್ಟಿಕ್ ಹೂ ಸುತ್ತಿದ ಕಮಾನು. ಕಮಾನಿನ ಮೇಲೆ 'ಸ್ವಿಸ್ ವ್ಯಾಲಿ'. ವ್ಯಾಲಿ ಅಂದರೆ ಕಣಿವೆ, ಇಲ್ಲಿ ನೆಲ ರೊಟ್ಟಿ ಹಂಚಿನಂಗೆ ಸಪಾಟಾಗಿದೆ ಅಂತ ಮಾಲೀಕ ಚನ್ನವೀರಣ್ಣನಿಗೆ ಹೇಳಿದೆ. "ಹೆಸರು ಭಾರಿ ಐತಲ್ರಿ ಮೇಡಂ, ಅಷ್ಟ ಸಾಕು" ಅಂದ.

ಸೈಟು ಮಾರುವುದು, ಬೇಕಾದವರಿಗೆ ಮನೆ ಕಟ್ಟಿಕೊಡುವುದು ಅವನ ಕಂಪನಿಯ ಕೆಲಸ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್ ಮೂರರಲ್ಲೂ ಅವನನ್ನು ಎತ್ತಿ ಮೆರೆಸುವುದು ಇನ್ನು ಮೂರು ತಿಂಗಳು ನನ್ನ ಕೆಲಸ. ನನ್ನ ಪಾಲಿಗೆ ಇವನು ನಾಲ್ಕನೇ ಬಿಲ್ಡರ್. ಮೊದಲನೆಯವನ ಪೋಸ್ಟರಿನಲ್ಲಿ ಕಟ್ಟಿದ ಮನೆಗಿಂತ ಅವನ ಮೀಸೆ ದೊಡ್ಡದಿತ್ತು. ಎರಡನೆಯವನಿಗೆ ಜಾಹೀರಾತು ಜಗತ್ತಿಗೆಲ್ಲ ಕಾಣಬೇಕು, ಅವನ ಷಡ್ಡಕನಿಗೆ ಮಾತ್ರ ಕಾಣಬಾರದು. ಮೂರನೆಯವನು ಗೂಗಲ್‌ನಲ್ಲಿ ತನಗೆ ತಾನೇ ಐದು ಸ್ಟಾರ್ ಕೊಟ್ಟುಕೊಂಡು, ಕೆಳಗೆ 'ನಾನು ಬಹಳ ಒಳ್ಳೆಯ ಮನುಷ್ಯ' ಅಂತ ಬರೆದು, ತನ್ನ ಹೆಸರನ್ನೇ ಹಾಕಿದ್ದ. ಸಿಮೆಂಟು ಮರಳು ಕಲಸಲು ಬಂದರೆ ಸಾಕು, ಈ ಭಾಗದಲ್ಲಿ ಎಲ್ಲರೂ ಡೆವಲಪರ್.

"ಮೇಡಂ ಯಾವ ಊರಿನವ್ರು?" ಅಂದ ಚನ್ನವೀರಣ್ಣ. ಸಿಂಧನೂರು ಅಂದೆ. ಆಫೀಸು ಅಲ್ಲಿದೆ, ಪೂರಾ ಸುಳ್ಳೇನಲ್ಲ. ದಿನಾ ಮಸ್ಕಿಯಿಂದ ಬಸ್ಸಿಗೆ ಹೋಗಿ ಬರುತ್ತೇನೆ ಅಂದರೆ ಮಸ್ಕಿಯಲ್ಲಿ ಯಾವ ಓಣಿ ಅನ್ನುತ್ತಾರೆ. ಸಿದ್ಧಾರ್ಥ ನಗರ ಅಂದರೆ ಅಲ್ಲಿಗೆ ಮುಗಿಯಿತು, ಮುಂದಿನ ಪ್ರಶ್ನೆಯೇ ಇರುವುದಿಲ್ಲ. ಅಜ್ಜನ ಕಾಲಕ್ಕೆ ಅದು ಊರ ಹೊರಗಿನ ಕೇರಿ. ಅಪ್ಪನ ಕಾಲಕ್ಕೆ ಮನೆಮನೆಗೆ ಬುದ್ಧನ ಫೋಟೊ ಬಂತು, ಮೂಲೆಯಲ್ಲಿ ಹೊಸ ಬೋರ್ಡು ಬಂತು. ಬದಲಾದದ್ದು ಬೋರ್ಡು. ಈಗ ಯಾರೂ ಲೋಟ ಬೇರೆ ಇಡುವುದಿಲ್ಲ, ಆದರೆ ಮಾತಿನ ಧಾಟಿ ಬೇರೆಯಾಗುತ್ತದೆ. ನನ್ನ ದಂಧೆಗೆ ಆ ತಾಪತ್ರಯ ಬೇಡ.

ನವೆಂಬರ್ 6, ಗುರುವಾರ

ಮೂರು ದಿನಕ್ಕೆ ಜಾಹೀರಾತಿನ ಕೆಳಗಿನ ಫಾರಂ ಇನ್ನೂರು ಜನ ತುಂಬಿದ್ದಾರೆ. ಅದರಲ್ಲಿ ನೂರಾ ಎಪ್ಪತ್ತು ಮಂದಿ ಕೆಲಸವಿಲ್ಲದವರು. ಒಬ್ಬ ಹೆಸರಿನ ಜಾಗದಲ್ಲಿ 'ಕಿಂಗ್' ಅಂತ ಬರೆದಿದ್ದಾನೆ. ಇನ್ನೊಬ್ಬ ಫಾರಂ ತುಂಬಿ, ಫೋನ್ ಮಾಡಿದ ಹುಡುಗಿಗೆ ಊಟ ಆಯಿತಾ ಅಂತ ಕೇಳಿದ್ದಾನೆ. ಲಿಂಗಸುಗೂರಿನ ಆಫೀಸಿನಲ್ಲಿ ಕೂತು ಫೋನ್ ಮಾಡುವವಳು ಭುವನೇಶ್ವರಿ, ದನಿ ಸಣ್ಣದು, ಸಹನೆ ದೊಡ್ಡದು. ಚನ್ನವೀರಣ್ಣ ನನ್ನ ಮೇಲೆ ಹರಿಹಾಯ್ದ. "ಇಂಥ ಖಾಲಿ ಮಂದಿ ತಂದು ಸುರೀತೀರಲ್ರಿ."

ಕೂತು ತಲೆ ಓಡಿಸಿದೆ. ಫಾರಂಗೆ ಒಂದು ಪ್ರಶ್ನೆ ಸೇರಿಸಿದೆ: 'ನೀವು ಈಗ ಇರುವ ಊರು ಮತ್ತು ಓಣಿ'. ನಮ್ಮ ಕಡೆ ಪಿನ್‌ಕೋಡು ಅವರವರಿಗೇ ನೆನಪಿರುವುದಿಲ್ಲ, ಓಣಿ ಮಾತ್ರ ಎಲ್ಲರ ನಾಲಿಗೆ ತುದಿಯಲ್ಲಿರುತ್ತದೆ. ತಮಾಷೆಗೆ ತುಂಬುವವನು ಓಣಿ ಬರೆಯಬೇಕಾದಾಗ ಹಿಂಜರಿಯುತ್ತಾನೆ. ನಿಜವಾಗಿ ಮನೆ ಬೇಕಾದವನು ಬರೆಯುತ್ತಾನೆ. ಸಂಜೆಗೆ ನೋಡಿದರೆ ಕಸ ಅರ್ಧಕ್ಕರ್ಧ ಇಳಿದಿದೆ. ನನ್ನ ಬುದ್ಧಿಗೆ ನಾನೇ ಶಭಾಶ್ ಅಂದುಕೊಂಡೆ. ಚನ್ನವೀರಣ್ಣನೂ ಫೋನ್ ಮಾಡಿ, "ಇದು ಬೇಕಾಗಿತ್ತು ನೋಡ್ರಿ, ಈಗ ಸರಿ ಆತು" ಅಂದ. ಈ ಒಬ್ಬನಿಗಾದರೂ ಮಾರ್ಕೆಟಿಂಗ್ ತಿಳಿಯಿತು ಅಂತ ಖುಷಿ ಆಯಿತು.

ಮನೆಗೆ ಬಂದರೆ ಅಪ್ಪ ನನ್ನ ಜಾಹೀರಾತನ್ನೇ ನೋಡುತ್ತ ಕೂತಿದ್ದ. ಈ ರಸ್ತೆಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನು. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಅವನಿಗೆ ಗೊತ್ತಿಲ್ಲದ ಮುಖವಿಲ್ಲ. ನಾನು ಹಾಕಿದ್ದನ್ನೆಲ್ಲ ರಿಟೈರ್ ಆದವರ ವಾಟ್ಸಾಪ್ ಗುಂಪಿಗೆ ಕಳಿಸಿ, ಕೆಳಗೆ 'ನನ್ನ ಮಗಳು ಅನುಪಮಾ ಮಾಡಿದ್ದು' ಅಂತ ಬರೆಯುತ್ತಾನೆ. ಈಗ ಒಂದೇ ಜಪ. ರೋಡಿಗೆ ಹತ್ತಿದ ಮನೆ ಬೇಕು, ಜಗಲಿ ಮೇಲೆ ಕೂತರೆ ಬಸ್ಸು ಕಾಣಬೇಕು. ನಮ್ಮ ಮನೆಯ ಸಂದಿಯಲ್ಲಿ ಆಟೋ ತಿರುಗುವುದಿಲ್ಲ, ಅದು ನಿಜ. ಆದರೂ ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ಕಳೆದವನಿಗೆ ಇನ್ನೂ ಬಸ್ಸು ನೋಡುವ ಚಪಲ ಅಂದರೆ ಏನು ಹೇಳುವುದು. ಅವ್ವ ಮಾತ್ರ, "ನೋಡ್ಲಿ ಬಿಡು, ಕುಡ್ಯಾಕಂತೂ ಹೊಂಟಿಲ್ಲ" ಅಂದಳು.

ನವೆಂಬರ್ 12, ಬುಧವಾರ

ಮಾದರಿ ಮನೆಯ ಶೂಟಿಂಗ್. ಡ್ರೋನ್ ಹಾರಿಸಲು ಇಶ್ತಿಯಾಕ್ ಬಂದಿದ್ದ. ಸ್ವಿಸ್ ವ್ಯಾಲಿಯಲ್ಲಿ ಪೂರ್ತಿ ಎದ್ದಿರುವುದು ಒಂದೇ ಮನೆ, ಕಸ್ತೂರೆಮ್ಮ ಅನ್ನುವವರದ್ದು. ಮುಂದೆ ದೃಷ್ಟಿಗೊಂಬೆ ತೂಗುಬಿಟ್ಟಿದ್ದಾರೆ, ಕರಿ ಮುಖ, ಮೊಳದುದ್ದ ಕೆಂಪು ನಾಲಿಗೆ. ತೆಗೆಯಿರಿ ಅಂದೆ. "ಅದನ್ನ ತಗದು, ಲಕ್ಷ ಮಂದಿ ಕಣ್ಣು ನನ್ನ ಮನಿ ಮ್ಯಾಲ ಬೀಳಲಿ ಅಂತೀಯೇನವ್ವ?" ಅಂದರು. ಒಂದು ತಾಸು ವಾದ ಮಾಡಿದೆ. ಕೊನೆಗೆ ಗೊಂಬೆ ಸಮೇತ ವಿಡಿಯೊ ತೆಗೆದೆವು. ಹಿನ್ನೆಲೆಯಲ್ಲಿ ಪಿಯಾನೊ, ಮುಂದೆ ನಾಲಿಗೆ ಚಾಚಿದ ರಾಕ್ಷಸ, ಮೇಲೆ 'ನಿಮ್ಮ ಕನಸಿನ ಯುರೋಪ್'.

ಒಂದೂವರೆ ಲಕ್ಷ ಜನ ನೋಡಿದರು. ಗೊಂಬೆಯನ್ನೇ ನೋಡಿದರೋ ಏನೋ.

ನವೆಂಬರ್ 18, ಮಂಗಳವಾರ

ಭುವನೇಶ್ವರಿಯ ಸೋಮಾರಿತನ ಕಂಡುಹಿಡಿದೆ. ಬಂದ ಹೆಸರುಗಳೆಲ್ಲ ಒಂದು ಶೀಟಿನಲ್ಲಿ ಬೀಳುತ್ತವೆ, ಅವಳು ಒಬ್ಬೊಬ್ಬರಿಗೆ ಫೋನ್ ಮಾಡಿ ಪಕ್ಕದಲ್ಲಿ ಗುರುತು ಹಾಕಬೇಕು. ಇವತ್ತು ನೋಡಿದರೆ 'ಆಮೇಲೆ' ಅಂತ ಇನ್ನೊಂದು ಶೀಟು ಮಾಡಿಟ್ಟಿದ್ದಾಳೆ. ಅದರಲ್ಲಿ ನಲವತ್ತೊಂದು ಜನ. ಒಬ್ಬರಿಗೂ ಫೋನ್ ಹೋಗಿಲ್ಲ. ಎಲ್ಲರೂ ನೌಕರಿಯವರು, ಟೀಚರ್, ನರ್ಸ್, ಪೋಸ್ಟ್ ಆಫೀಸು. ಇಂಥವರನ್ನು ಹುಡುಕಿ ತರಲು ನಾನು ಇಲ್ಲಿ ಕಣ್ಣು ಕಳೆದುಕೊಳ್ಳುತ್ತೇನೆ, ಆ ಮಹಾರಾಣಿ ಆಮೇಲೆ ಅನ್ನುತ್ತಾಳೆ.

ಚನ್ನವೀರಣ್ಣನಿಗೆ ಫೋನ್ ಮಾಡಿ ದೂರು ಹೇಳಿದೆ. ನಕ್ಕ. "ಅಕೀದೇನು ತಪ್ಪಿಲ್ರಿ. ನೀವ ಅಕೀಗೆ ಕೇಳ್ರಿ."

ಕೇಳಿದೆ. ಭುವನೇಶ್ವರಿ ಇದ್ದ ಸಣ್ಣ ದನಿಯನ್ನೂ ಇಳಿಸಿ, "ಓಣಿ ನೋಡ್ರಿ ಮೇಡಂ. ಅಣ್ಣಾವ್ರು ಹೇಳ್ಯಾರ, ಓಣಿ ನೋಡಿ ಫೋನ್ ಹಚ್ಚು ಅಂತ. ಮದ್ಲ ಸೈಟು ತಗೊಂಡವ್ರು ಬ್ಯಾರೆ ಮಂದಿ ಬಂದ್ರ ರೊಕ್ಕ ವಾಪಸ್ ಕೇಳ್ತಾರಂತ. ನಿಮ್ಮ ಫಾರಂ ಬಂದ ಮ್ಯಾಲ ನನಗ ಭಾಳ ಸಲೀಸಾತು" ಅಂದಳು.

ಓಣಿ ನೋಡಿದೆ. ಸಿಂಧನೂರಿನ ಎರಡು ಓಣಿ, ಲಿಂಗಸುಗೂರಿನ ಒಂದು, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪ್, ಪಾಮನಕಲ್ಲೂರಿನ ಹೊಸ ಕಾಲೊನಿ. ಸಿದ್ಧಾರ್ಥ ನಗರದ್ದೂ ಆರು ಹೆಸರು.

ನವೆಂಬರ್ 19, ಬುಧವಾರ

ನಾನು ಜಾಹೀರಾತು ಮಾಡುವವಳು, ಸೈಟು ಮಾರುವವಳಲ್ಲ. ಯಾರಿಗೆ ಮಾರಬೇಕು ಅನ್ನುವುದು ಅವನ ತಲೆನೋವು. ನಾನು ಓಣಿ ಕೇಳಿದ್ದು ಕಸ ಸೋಸಲು. ಅದರಿಂದ ಅವನು ಮನುಷ್ಯರನ್ನು ಸೋಸಿದರೆ ನಾನೇನು ಮಾಡಲಿ.

ಬರೆದದ್ದು ಓದಿದೆ. ಚನ್ನವೀರಣ್ಣನ ಮಾತಿನಂಗೇ ಇದೆ. ಇರಲಿ.

ನವೆಂಬರ್ 21, ಶುಕ್ರವಾರ

'ಆಮೇಲೆ' ಶೀಟಿಗೆ ನಲವತ್ತೆರಡನೇ ಹೆಸರು ಬಂದಿದೆ. ಮುದುಕಪ್ಪ, ವಯಸ್ಸು ಅರವತ್ತೆರಡು, ನಿವೃತ್ತ ನಿರ್ವಾಹಕ. ಓಣಿಯ ಜಾಗದಲ್ಲಿ: 'ಸಿದ್ಧಾರ್ಥ ನಗರ, ಮಸ್ಕಿ, ಬೋರಿನ ಹತ್ತಿರ, ಯಾರನ್ನು ಕೇಳಿದರೂ ಹೇಳುತ್ತಾರೆ.'

ಅಪ್ಪ. ನನಗೆ ಒಂದು ಮಾತೂ ಹೇಳದೆ ತುಂಬಿದ್ದಾನೆ. ಮಗಳಿಗೆ ಆಶ್ಚರ್ಯ ಮಾಡಿಸಬೇಕು ಅಂತ ಇರಬೇಕು. ಸಿಟ್ಟು ಬಂತು. ಓಣಿ ಒಂದು ಬರೆದು ಸುಮ್ಮನಿರಬಾರದೇ, ಬೋರಿನ ಗುರುತು ಬೇರೆ.

ಹತ್ತು ನಿಮಿಷ ನೋಡುತ್ತ ಕೂತೆ. ಆಮೇಲೆ ಹೆಸರನ್ನು ಎತ್ತಿ ಮೊದಲ ಶೀಟಿಗೆ ಹಾಕಿದೆ. ಓಣಿ ಅಳಿಸಿ 'ಬಸ್ ಸ್ಟ್ಯಾಂಡ್ ರೋಡ್' ಅಂತ ಮಾಡಿದೆ. ಉಳಿದ ನಲವತ್ತೊಂದು ಹಾಗೇ ಇವೆ. ಎಲ್ಲವನ್ನೂ ತಿದ್ದಿದರೆ ಗೊತ್ತಾಗುತ್ತದೆ.

ಸಂಜೆ ಮನೆಯಲ್ಲಿ ಅಪ್ಪ ಗಡ್ಡ ಕೆರೆದುಕೊಳ್ಳುತ್ತ, "ಒಂದು ಹೆಣ್ಣುಮಗಳು ಫೋನ್ ಮಾಡಿದ್ಲು. ಭಾನುವಾರ ಸೈಟ್ ನೋಡಾಕ ಬರ್ರಿ ಸರ ಅಂದ್ಲು. ಭಾಳ ಮರ್ಯಾದಿ ಮಾತು" ಅಂದ.

ನವೆಂಬರ್ 23, ಭಾನುವಾರ

ಅಪ್ಪನಿಗೆ ಇವತ್ತು ಸರ್ ಅಂದೆ.

ಹೇಗಾಯಿತು ಅಂತ ಬರೆದಿಡುತ್ತೇನೆ. ಭಾನುವಾರ ಸೈಟು ತೋರಿಸುವ ದಿನ, ಗಿರಾಕಿಗಳ ವಿಡಿಯೊ ಬೇಕು ಅಂತ ನಾನು ಬೆಳಿಗ್ಗೆಯೇ ಹೋಗಿದ್ದೆ. ಹತ್ತೂವರೆಗೆ ಅಪ್ಪ ಬಸ್ಸಿಳಿದು ಕಮಾನಿನ ಕೆಳಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಚನ್ನವೀರಣ್ಣ ದೂರದಿಂದಲೇ ಗುರುತು ಹಿಡಿದ. "ನಮ್ಮ ಕಂಡಕ್ಟರ್ ಸಾಹೇಬ್ರಲ್ರಿ, ಕಾಲೇಜಿಗೆ ಹೋಗಾಗ ದಿನಾ ನಿಮ್ಮ ಬಸ್ಸಿನಾಗ ಬರ್ತಿದ್ದೆ" ಅಂತ ಕೈ ಹಿಡಿದು ಕುರ್ಚಿ ಹಾಕಿಸಿದ. ಈ ರಸ್ತೆಯಲ್ಲಿ ಅಪ್ಪನ ಮುಖ ಯಾರಿಗೆ ಗೊತ್ತಿಲ್ಲ ಅಂತ ನಾನು ಓಣಿ ತಿದ್ದಿದೆನೋ, ಅವರಿಬ್ಬರದು ಮೂವತ್ತು ವರ್ಷದ ಪರಿಚಯ. ನನ್ನಂಥ ಜಾಣೆ ಮೂರು ತಾಲೂಕಿನಲ್ಲಿ ಇಲ್ಲ.

ಚನ್ನವೀರಣ್ಣ ನನ್ನ ಕಡೆ ತಿರುಗಿ, "ಮೇಡಂ, ಸರ್‌ಗೆ ಲೇಔಟ್ ನಕ್ಷೆ ತೋರಿಸ್ರಿ" ಅಂದ. ಅಪ್ಪ ನನ್ನ ಮುಖ ನೋಡಿದ. ನಾನೇ ಹೇಳಲಿ ಅಂತ ಕಾದ. ಹೇಳಬೇಕಾದದ್ದು ಒಂದೇ ಶಬ್ದ. ನಾನು ನಕ್ಷೆ ಬಿಚ್ಚಿ, "ಬರ್ರಿ ಸರ್" ಅಂದೆ.

ಅಪ್ಪ ಜೇಬಿನ ಪೆನ್ನು ಸರಿಮಾಡಿಕೊಂಡ. ಆಮೇಲೆ, "ತೋರಿಸ್ರಿ ಮೇಡಂ" ಅಂದ.

ರೋಡಿನ ಸಾಲಿನಲ್ಲಿ ಏಳನೇ ನಂಬರಿಗೆ ಬೆರಳಿಟ್ಟ. ಚನ್ನವೀರಣ್ಣ ಹಲ್ಲು ಕಚ್ಚಿ ಗಾಳಿ ಎಳೆದುಕೊಂಡ. "ಆ ಲೈನ್ ಎಲ್ಲಾ ಬುಕ್ ಆಗ್ಯಾವ್ರಿ ಸರ. ನೀವು ಒಂದು ವಾರ ಮದ್ಲ ಬರಬೇಕಿತ್ತು. ಹಿಂದ ಹಳ್ಳದ ಕಡಿ ಯಾವ್ದರ ಬಿಟ್ರ ನಾನ ಫೋನ್ ಮಾಡ್ತೀನಿ." ಚಹಾ ತರಿಸಿ ತಾನೇ ಕೈಗೆ ಕೊಟ್ಟ. ಅಪ್ಪ ಕುಡಿದ, ಕಪ್ಪನ್ನು ಕಸದ ಬುಟ್ಟಿಗೆ ಹಾಕಿದ, ರೋಡಿಗೆ ಹೋಗಿ ಬಸ್ಸಿಗೆ ಕೈ ಮಾಡಿದ.

ಮನೆಯಲ್ಲಿ ಅವ್ವ ಏನಾಯಿತು ಅಂತ ಕೇಳಿದಾಗ, "ಎಲ್ಲಾ ಹೋಗ್ಯಾವಂತ" ಅಂದ. ನನ್ನ ಹೆಸರೇ ಎತ್ತಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ನವೆಂಬರ್ 25, ಮಂಗಳವಾರ

ಚನ್ನವೀರಣ್ಣನ ಹೊಸ ಜಾಹೀರಾತು: 'ರೋಡ್ ಲೈನಿನಲ್ಲಿ ಇನ್ನು ಹನ್ನೆರಡೇ ಸೈಟು, ತ್ವರೆ ಮಾಡಿ'. ಏಳನೇ ನಂಬರ್ ಬುಕ್ ಆಗಿತ್ತಲ್ಲ ಅಂತ ವಾಟ್ಸಾಪ್‌ನಲ್ಲಿ ಕೇಳಿದೆ. ವಾಯ್ಸ್ ಮೆಸೇಜಿನಲ್ಲಿ, "ಆ ಕಂಡಕ್ಟರ್‌ಗೆ ಹಂಗಂದೆ. ಭಾಳ ಒಳ್ಳೆ ಮನುಷ್ಯಾರಿ ಅಂವ, ಮುಖಕ್ಕ ಹೊಡದಂಗ ಹೇಳಾಕ ಬರಂಗಿಲ್ಲ. ಆದ್ರ ಅವನ ಓಣಿ ಶೀಟಿನಾಗ ತಪ್ಪು ಬಿದ್ದಿತ್ತು ನೋಡ್ರಿ, ಭುವನೇಶ್ವರಿಗೆ ಹೇಳೀನಿ" ಅಂದ.

ಒಳ್ಳೆ ಮನುಷ್ಯ ಅಂತೆ. ಸರ್ಟಿಫಿಕೇಟ್ ಕೊಡಲು ಇವನು ಯಾರು.

ಸಿಟ್ಟು ಬಂತು, ಕೆಲಸ ಬಿಡಲಿಲ್ಲ. ಜಾಹೀರಾತು ಹಾಕಿದೆ. ಅಪ್ಪನಿಗೆ ಕಂಡರೆ ಗತಿಯೇನು ಅಂತ ಅವನ ನಂಬರ್ ಒಂದನ್ನೇ ಹೊರಗಿಡಲು ನೋಡಿದೆ, ಫೇಸ್‌ಬುಕ್ ಒಪ್ಪಲಿಲ್ಲ, ಪಟ್ಟಿಯಲ್ಲಿ ಕಡಿಮೆ ಅಂದರೂ ನೂರು ಜನ ಬೇಕಂತೆ. ಜಾಗ ಹೊರಗಿಡಲು ಮಾತ್ರ ಬರುತ್ತದೆ. ನಕ್ಷೆ ತೆಗೆದು ನಮ್ಮ ಮನೆ ಹುಡುಕಿದೆ. ಬೋರು ಕಂಡಿತು, ಪಕ್ಕದ ಮಾಳಿಗೆ ಕಂಡಿತು. ಅದರ ಮೇಲೆ ಗುರುತಿಟ್ಟು, ಸುತ್ತ ಒಂದು ಕಿಲೋಮೀಟರ್ ಬಿಟ್ಟು ಉಳಿದವರಿಗೆ ತೋರಿಸು ಅಂತ ಒತ್ತಿದೆ. ನಮ್ಮ ಓಣಿಯ ಮೇಲೆ ಕೆಂಪು ಚಕ್ರ ಬಿತ್ತು.

ಚನ್ನವೀರಣ್ಣನಿಗೆ ಇಷ್ಟು ಚೊಕ್ಕಟಾಗಿ ಮಾಡಲು ಬರುತ್ತಿರಲಿಲ್ಲ.

ನವೆಂಬರ್ 27, ಗುರುವಾರ

ಜಾಹೀರಾತು ಚೆನ್ನಾಗಿ ಓಡುತ್ತಿದೆ. ಎರಡು ಸೈಟು ಹೋದವು.

ನವೆಂಬರ್ 30, ಭಾನುವಾರ

ಊಟಕ್ಕೆ ಕೂತಾಗ ಅಪ್ಪ ಫೋನನ್ನು ನನ್ನ ತಾಟಿನ ಪಕ್ಕ ಇಟ್ಟ. ಹನ್ನೆರಡೇ ಸೈಟು, ತ್ವರೆ ಮಾಡಿ. ಲಿಂಗಸುಗೂರಿನಲ್ಲಿರುವ ರಿಟೈರ್ಡ್ ಡ್ರೈವರ್ ಆದಪ್ಪ ಗುಂಪಿಗೆ ಕಳಿಸಿದ್ದ.

"ಇದು ನೀ ಮಾಡಿದ್ದಲ್ಲ ಬೇ?"

ಹೂಂ ಅಂದೆ.

"ನೀ ಮಾಡಿದ್ದೆಲ್ಲಾ ಮದ್ಲ ನನ್ನ ಫೋನಿಗೇ ಬರ್ತಿತ್ತು. ಇದ್ಯಾಕ ಬರಲಿಲ್ಲ?"

ಸೈಟು ಯಾಕೆ ಕೊಡಲಿಲ್ಲ ಅಂತ ಕೇಳುತ್ತಾನೆ ಅಂದುಕೊಂಡಿದ್ದೆ. ಅದಕ್ಕೆ ಉತ್ತರ ತಯಾರಿತ್ತು, ಎಲ್ಲ ಚನ್ನವೀರಣ್ಣನ ತಲೆಗೆ ಕಟ್ಟುವ ಉತ್ತರ. ಅವನು ಕೇಳಿದ್ದೇ ಬೇರೆ. ಎಲ್ಲವನ್ನೂ ಹೇಳಿದೆ. ಫಾರಂ, ಓಣಿ, ಆಮೇಲೆ ಶೀಟು, ಬಸ್ ಸ್ಟ್ಯಾಂಡ್ ರೋಡ್, ನಕ್ಷೆಯ ಮೇಲಿನ ಚಕ್ರ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿದಳು.

ಅಪ್ಪ, "ಎಷ್ಟು ಮಂದಿ ಅದಾರ ಆ ಪಟ್ಟಿಯಾಗ?" ಅಂದ. ನಲವತ್ತೆರಡು ಅಂದೆ. "ಓದು."

ಓದಿದೆ. ಒಂದೊಂದು ಹೆಸರಿಗೂ ನಿಲ್ಲಿಸಿದ. "ಯಶೋಧರಾ ಟೀಚರ್. ಮುಂಜಾನಿ ಫಸ್ಟ್ ಬಸ್ಸಿಗೆ ಹೋಗಾಕಿ, ಒಂದಿನಾನೂ ಚಿಲ್ಲರಿ ತಕರಾರು ಮಾಡಿದಾಕಿ ಅಲ್ಲ." "ಪಾಮನಕಲ್ಲೂರ ಶಿವಪ್ರಸಾದ, ಪೋಸ್ಟಿನಾಂವ. ಅವರಪ್ಪ ನಮ್ಮ ಬಸ್ಸಿನಾಗ ನಿಂತ ಹೋಗ್ತಿದ್ದ, ಸೀಟ್ ಖಾಲಿ ಇದ್ರೂ." "ಹಾಜಿರಾಬೀ ಸಿಸ್ಟರ್. ನಿಮ್ಮವ್ವಗ ನೀ ಹುಟ್ಟೂ ಹೊತ್ತಿನಾಗ ದವಾಖಾನಿಯಾಗ ಇದ್ದಾಕಿ ಅಕಿ." ನಾನು ಇವರನ್ನು ಎರಡು ವಾರ ಸಾಲು ಸಾಲಾಗಿ ನೋಡಿದ್ದೆ, ಒಬ್ಬರ ಮುಖವೂ ನನಗೆ ಗೊತ್ತಿರಲಿಲ್ಲ.

ಕೊನೆಗೆ ಕೇಳಿದ. "ಓಣಿ ಕೇಳೂ ಬುದ್ಧಿ ಅವಂದೋ ನಿಂದೋ?"

"ನಂದ."

"ನಾ ಮಂದಿ ಮಾಡಿದ ಫಾರಂಗೆ ಓಣಿ ಬರೀತಿರಲಿಲ್ಲ. ನನಗ ಗೊತ್ತಿಲ್ಲೇನು ಯಾಕ ಕೇಳ್ತಾರಂತ. ಮಗಳು ಕೇಳ್ಯಾಳ ಅಂತ ಬರದೆ."

ತಾಟು ತೊಳೆದಿಟ್ಟು ಹೊರಗೆ ಹೋದ. ನನಗೆ ಅತ್ತು ಕರೆಯುವ ಅಭ್ಯಾಸವಿಲ್ಲ. ಇವತ್ತು ಅವ್ವನ ಮುಂದೆಯೇ ಅತ್ತೆ. ನಾನು ಮಾಡಿದಷ್ಟು ಕೀಳಾದ ಕೆಲಸ ಈ ಊರಿನಲ್ಲಿ ಯಾರೂ ಮಾಡಿಲ್ಲ.

ಡಿಸೆಂಬರ್ 4, ಗುರುವಾರ

ಎರಡು ದಿನ ಕೂತು ದೂರು ಬರೆದೆ. ಜಾತಿ ನೋಡಿ ಸೈಟು ನಿರಾಕರಿಸುತ್ತಿದ್ದಾರೆ ಅಂತ. ಸಾಕ್ಷಿಗೆ ಚನ್ನವೀರಣ್ಣನ ವಾಯ್ಸ್ ಮೆಸೇಜು, ಎರಡೂ ಶೀಟಿನ ಪ್ರಿಂಟು, ಹನ್ನೆರಡು ಸೈಟಿನ ಜಾಹೀರಾತು. ನಲವತ್ತೊಂದು ಜನರಿಗೂ ನಾನೇ ಫೋನ್ ಮಾಡಿದೆ. ಹದಿನಾರು ಜನ ಸಹಿ ಹಾಕಿದರು. ಕೆಲವರು ಬೈದರು, ಬೈಯಲಿ. ಯಶೋಧರಾ ಟೀಚರ್, "ಫಾರಂ ತುಂಬಿ ಹದಿನೈದು ದಿನ ಫೋನ್ ಬರಲಿಲ್ಲ, ಅವತ್ತೇ ತಿಳೀತವ್ವ" ಅಂದರು.

ಅಪ್ಪ ಕನ್ನಡಕ ಹಾಕಿಕೊಂಡು ದೂರನ್ನು ಒಂದೊಂದು ಸಾಲೂ ಓದಿದ. "ಎಲ್ಲಾ ಐತಿ. ನಿನ್ನ ಹೆಸರಿಲ್ಲ."

'ಕಂಪನಿಯವರು ಫಾರಂ ತಯಾರಿಸಿ' ಅಂತ ಬರೆದಿದ್ದೆ. ನನ್ನ ಹೆಸರು ಹಾಕಿದರೆ ನಾನೂ ಸಿಕ್ಕಿಬೀಳುತ್ತೇನೆ, ಉಳಿದ ಬಿಲ್ಡರುಗಳು ನಾಳೆಯೇ ಫೋನ್ ಎತ್ತುವುದಿಲ್ಲ, ಆಫೀಸು ಮುಚ್ಚಬೇಕಾಗುತ್ತದೆ ಅಂತ ವಿವರಿಸಿದೆ. ಅಪ್ಪ ಕೇಳಿಸಿಕೊಂಡ, ಹೂಂ ಅಂದ, ಕಾಗದವನ್ನು ನನ್ನ ಕಡೆ ಸರಿಸಿ ಚಪ್ಪಲಿ ಹಾಕಿಕೊಳ್ಳಲು ಹೋದ. ಮನೆಯಲ್ಲಿ ಪ್ರಿಂಟರ್ ಇಲ್ಲ. ಆ ಸಾಲು ಹೊಡೆದು ಮೇಲೆ ಪೆನ್ನಿನಲ್ಲಿ ಬರೆದೆ. ಚೊಕ್ಕಟಾಗಿ ಕಾಣುವುದಿಲ್ಲ.

ತಾಲೂಕು ಕಚೇರಿಯ ಗುಮಾಸ್ತ ಕಾಗದ ತಿರುವಿ ಹಾಕಿದ. ಪೆನ್ನಿನಲ್ಲಿ ಬರೆದ ಸಾಲಿಗೆ ಬಂದು ನಿಂತ.

"ಈ ಫಾರಂ ಮಾಡಿದಾಕಿ ಅನುಪಮಾ ಅಂದ್ರ ಯಾರು?"

"ನಾನ ರೀ."

"ನಿಮ್ಮ ಮ್ಯಾಲೂ ಬರ್ತದವ್ವ ಇದು. ಈ ಸಾಲು ತಗದ್ಬಿಡ್ರಿ, ಅದು ಇಲ್ಲದಿದ್ರೂ ನಡೀತದ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ. ನನಗೆ ಒಂದು ಕ್ಷಣ ಆಸೆ ಆಯಿತು, ಸುಳ್ಳು ಬರೆಯುವುದಿಲ್ಲ. "ಇರ್ಲಿ ಬಿಡ್ರಿ" ಅಂದೆ.

ಅವನು ಕೆಳಗಿನ ಸಹಿಗಳನ್ನು ನೋಡಿದ. ಅಪ್ಪನ ಕಡೆ ಪೆನ್ನು ತೋರಿಸಿ, "ಈ ಮುದುಕಪ್ಪ ಅಂದ್ರ ನೀವೇನ್ರಿ? ಇವರು ನಿಮಗೇನಾಗಬೇಕು?" ಅಂತ ಕೇಳಿದ.

ಅಪ್ಪ ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ. "ಅಕೀನ್ನ ಕೇಳ್ರಿ" ಅಂದ.

"ನಮ್ಮಪ್ಪ" ಅಂದೆ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು, ಪಕ್ಕದ ಟೇಬಲ್ಲಿನವರೂ ತಿರುಗಿ ನೋಡಿದರು.

ಗುಮಾಸ್ತ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ, ಮತ್ತೆ ಕಾಗದ ನೋಡಿದ. ಆಮೇಲೆ ಸೀಲಿನ ಡಬ್ಬಿ ಹತ್ತಿರ ಎಳೆದುಕೊಂಡ.